ಬರಹ ನಿಂತಿದೆಯಾ? ಎಲ್ಲಿ ನಿಂತಿದೆ ಅಂತ ಮೊದಲು ನೋಡಿ

"ಬರೆಯೋಕೇ ಆಗ್ತಿಲ್ಲ ಕಣ್ರೀ."

ಬೆಂಗಳೂರಿನಲ್ಲಿ ಕತೆ, ಲೇಖನ, ಅಂಕಣ ಅಂತ ಬರೆಯುವ ನಾಲ್ಕು ಜನ ಸೇರಿದರೆ ಒಬ್ಬರ ಬಾಯಲ್ಲಾದರೂ ಈ ಮಾತು ಬರುತ್ತದೆ. ಕೇಳಿದವರು ತಕ್ಷಣ ಸಲಹೆ ಕೊಡುತ್ತಾರೆ. ಒಬ್ಬರು "ದಿನಾ ಬೆಳಗ್ಗೆ ಎದ್ದು ಸುಮ್ನೆ ಕೂತ್ಕೊಳ್ಳಿ, ತಾನಾಗೇ ಬರುತ್ತೆ" ಅನ್ನುತ್ತಾರೆ. ಇನ್ನೊಬ್ಬರು "ತಲೆ ಕೆಡಿಸ್ಕೋಬೇಡಿ, ಎರಡು ದಿನ ಸಕಲೇಶಪುರದ ಕಡೆ ಹೋಗಿ ಬನ್ನಿ" ಅನ್ನುತ್ತಾರೆ. ಎರಡೂ ಒಳ್ಳೆಯ ಸಲಹೆಯೇ. ಆದರೆ ಎಲ್ಲಿ ಕೆಟ್ಟಿದೆ ಅಂತ ಇಬ್ಬರೂ ಕೇಳಲಿಲ್ಲ.

ನಲ್ಲಿಯಲ್ಲಿ ನೀರು ಬರುತ್ತಿಲ್ಲ ಅಂದರೆ ಒಳ್ಳೆಯ ಪ್ಲಂಬರ್ ಬಂದವನೇ ಮೋಟಾರ್ ಬಿಚ್ಚುವುದಿಲ್ಲ. ಸಂಪಿನಲ್ಲಿ ನೀರಿದೆಯಾ, ಕರೆಂಟ್ ಇದೆಯಾ, ವಾಲ್ವ್ ಯಾರಾದರೂ ತಿರುಗಿಸಿದ್ದಾರಾ ಅಂತ ಒಂದೊಂದೇ ನೋಡುತ್ತಾನೆ. ಸಂಪು ಖಾಲಿ ಇದ್ದಾಗ ಮೋಟಾರ್ ಓಡಿಸಿದರೆ ಅದೇ ಸುಟ್ಟು ಹೋಗುತ್ತದೆ. ಬರಹದಲ್ಲೂ ಹಾಗೇ. ಹೇಳಲು ಸರಕೇ ಇಲ್ಲದವರನ್ನು ದಿನಾ ಮೂರು ಗಂಟೆ ಮೇಜಿನ ಮುಂದೆ ಕೂರಿಸಿದರೆ ಇದ್ದ ಆಸೆಯೂ ಹೋಗುತ್ತದೆ. ಸರಕು ತುಂಬಿಕೊಂಡು ಕೂತಿರುವವರನ್ನು ಪ್ರವಾಸಕ್ಕೆ ಕಳಿಸಿದರೆ, ಬರೆಯದೆ ಇರಲು ಅವರಿಗೆ ಇನ್ನೊಂದು ನೆಪ ಸಿಗುತ್ತದೆ.

ಅದಕ್ಕೇ ಮೊದಲು ಪರೀಕ್ಷೆ, ಆಮೇಲೆ ರಿಪೇರಿ. ನಿಮ್ಮ ದೋಷ ಯಾವುದು ಅಂತ ಗೊತ್ತಾದ ಮೇಲೆ ಆ ಭಾಗ ಮಾತ್ರ ಓದಿದರೂ ನಡೆಯುತ್ತದೆ.

ಶುರು ಮಾಡುವ ಮುಂಚೆ ಒಂದು ಎಚ್ಚರಿಕೆ

ಬರೆಯಲು ಮಾತ್ರ ಮನಸ್ಸಿಲ್ಲವೋ, ಯಾವುದಕ್ಕೂ ಮನಸ್ಸಿಲ್ಲವೋ? ಇದನ್ನು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಊಟ ರುಚಿಸುತ್ತಿಲ್ಲ, ನಿದ್ದೆ ಇಲ್ಲ ಅಥವಾ ವಿಪರೀತ ನಿದ್ದೆ, ಗೆಳೆಯರ ಫೋನ್ ಬಂದರೂ ಎತ್ತುವುದು ಬೇಡ ಅನ್ನಿಸುತ್ತದೆ, ಇದೆಲ್ಲ ಎರಡು ವಾರ ದಾಟಿದೆ ಅಂದರೆ ಅದು ಬರಹದ ದೋಷ ಅಲ್ಲ. ವೈದ್ಯರನ್ನು ನೋಡಿ. ಥೈರಾಯ್ಡ್ ಏರುಪೇರು, ರಕ್ತಹೀನತೆ ಇದ್ದರೂ ಆಯಾಸ ಹೀಗೇ ಹಿಡಿದುಕೊಳ್ಳುತ್ತದೆ. ಯಾರ ಹತ್ತಿರ ಮಾತಾಡಬೇಕು ಅಂತ ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ್ದು. ನಮ್ಮ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇದನ್ನು ಸರಿಮಾಡಿಕೊಳ್ಳದೆ ಕೆಳಗಿನದು ಯಾವುದೂ ಕೆಲಸ ಮಾಡುವುದಿಲ್ಲ.

ಪರೀಕ್ಷೆ: ಹೇಳಿ ನೋಡಿ

ಫೋನಿನಲ್ಲಿ ರೆಕಾರ್ಡರ್ ಆನ್ ಮಾಡಿ. ಬರೆಯಬೇಕು ಅಂದುಕೊಂಡಿದ್ದನ್ನು ಐದು ನಿಮಿಷ ಬಾಯಲ್ಲಿ ಹೇಳಿ. ಟಿಪ್ಪಣಿ ನೋಡಬೇಡಿ. ಎದುರಿಗೆ ಒಬ್ಬರು ಕೂತಿದ್ದರೆ ಇನ್ನೂ ಒಳ್ಳೆಯದು, ಆದರೆ ಅವರು ಬರೆಯುವವರಾಗಿರಬಾರದು. ಬರೆಯುವವರು ಎರಡನೇ ನಿಮಿಷಕ್ಕೇ ಸಲಹೆ ಕೊಡಲು ಶುರು ಮಾಡುತ್ತಾರೆ. ಅಕ್ಕನೋ, ಆಫೀಸಿನಲ್ಲಿ ಜೊತೆಗೆ ಊಟ ಮಾಡುವವರೋ ಆದರೆ ಸರಿ. ಅವರು "ಆಮೇಲೆ?" ಅಂದರೆ ಸಾಕು.

ಹೇಳಿ ಮುಗಿಸಿ, ಅದನ್ನು ಕೇಳಿಸಿಕೊಳ್ಳಿ.

ಸರಾಗವಾಗಿ ಹೇಳಿದ್ದೀರಾ? ಹಾಗಾದರೆ ಕತೆ ನಿಮ್ಮ ಹತ್ತಿರ ಇದೆ. ದೋಷ ಇರುವುದು ಬಾಯಿಗೂ ಕೈಗೂ ನಡುವೆ. ಎರಡೇ ನಿಮಿಷಕ್ಕೆ ಮುಗಿದು, ಉಳಿದ ಹೊತ್ತು "ಅಂದ್ರೆ ಒಂಥರಾ, ಈಗಿನ ಕಾಲದ ಸಂಬಂಧಗಳು ಹೇಗೆ ಅಂದ್ರೆ" ಅಂತ ತೇಲಿದ್ದೀರಾ? ಸರಕು ಕಮ್ಮಿ ಇದೆ. ಚೆನ್ನಾಗಿ ಶುರುವಾಗಿ ಒಂದು ಜಾಗಕ್ಕೆ ಬಂದು ತಡವರಿಸಿದ್ದೀರಾ? ಮುಂದೇನು ಅಂತ ನಿಮಗೇ ಗೊತ್ತಿಲ್ಲ. ಇನ್ನು ರೆಕಾರ್ಡ್ ಮಾಡಲೇ ಇಲ್ಲ, "ಭಾನುವಾರ ಮಾಡೋಣ" ಅಂತ ಇದನ್ನು ಓದುತ್ತಿದ್ದರೆ ಅದೂ ಒಂದು ಫಲಿತಾಂಶವೇ. ನಿಮಗೆ "ಕೂರೋಕೇ ಆಗಲ್ಲ" ಅನ್ನುವ ಭಾಗ ಇದೆ, ಅಲ್ಲಿಗೆ ಹೋಗಿ.

"ಹೇಳೋಕೆ ಬರುತ್ತೆ, ಬರೆಯೋಕೆ ಬರಲ್ಲ"

ನಾನು ಕಂಡ ಹಾಗೆ ಇದೇ ಜಾಸ್ತಿ. ಕನ್ನಡದಲ್ಲಿ ಬರೆಯುವವರಿಗೆ ಇದರಲ್ಲಿ ಒಂದು ಹೆಚ್ಚಿನ ತೊಡಕೂ ಇದೆ. ಮನೆಯಲ್ಲಿ ಆಡುವ ಕನ್ನಡ ಒಂದು, ಶಾಲೆಯ ಪ್ರಬಂಧದಲ್ಲಿ ಹತ್ತಕ್ಕೆ ಎಂಟು ಅಂಕ ತಂದುಕೊಟ್ಟ ಕನ್ನಡ ಇನ್ನೊಂದು. ಪೆನ್ನು ಹಿಡಿದ ಕೂಡಲೇ ಆ ಎರಡನೆಯದು ಎದ್ದು ಬರುತ್ತದೆ.

ಶನಿವಾರ ಸಂಜೆ ನಾವು ಕೆಲವರು ಒಟ್ಟಿಗೆ ಕೂತು ಬರೆಯುತ್ತೇವೆ. ಅಲ್ಲಿ ಗೆಳತಿಯೊಬ್ಬರ ಕತೆ ಮೊದಲ ಪ್ಯಾರಾದಲ್ಲೇ ನಿಂತಿತ್ತು. ಆ ಪ್ಯಾರಾ ಹೀಗಿತ್ತು:

"ಮೂಡಣ ದಿಗಂತದಲ್ಲಿ ನೇಸರನು ತನ್ನ ಹೊಂಗಿರಣಗಳನ್ನು ಪಸರಿಸುತ್ತಿರಲು, ಆ ವೃದ್ಧ ಮಾತೆಯು ತನ್ನ ಏಕಮಾತ್ರ ಪುತ್ರನ ಆಗಮನದ ನಿರೀಕ್ಷೆಯಲ್ಲಿ ಕಾತರಳಾಗಿದ್ದಳು."

ಇದಾದ ಮೇಲೆ ಏನು ಬರೆಯುವುದು? ನೇಸರನನ್ನು ತಂದವರು ಮುಂದಿನ ಸಾಲಿಗೆ ತಂಗಾಳಿಯನ್ನು ತರಲೇಬೇಕು. ಅವರ ತಲೆಯಲ್ಲಿದ್ದದ್ದು ಅದಲ್ಲ. "ಏನಾಯ್ತು ಅಂತ ಸುಮ್ನೆ ಹೇಳಿ" ಅಂದಾಗ ಅವರು ಹೇಳಿದ್ದು: "ನಮ್ಮತ್ತೆ ಬೆಳಗ್ಗೆ ಐದಕ್ಕೇ ಎದ್ದು ಗೇಟಿನ ಬೀಗ ತೆಗೆದಿಟ್ಟಿದ್ರು. ಮಗ ಬರೋದು ಹನ್ನೊಂದರ ಬಸ್ಸಿಗೆ."

ಕತೆ ಅಲ್ಲೇ ಇದೆ. ಕ್ರಿಯಾಪದದ ಕೊನೆ ಸರಿಮಾಡಿ: "ಅತ್ತೆ ಬೆಳಗ್ಗೆ ಐದಕ್ಕೇ ಎದ್ದು ಗೇಟಿನ ಬೀಗ ತೆಗೆದಿಟ್ಟರು. ಮಗ ಬರುವುದು ಹನ್ನೊಂದರ ಬಸ್ಸಿಗೆ." ಕಾತರ, ನಿರೀಕ್ಷೆ ಎರಡೂ ಆ ಬೀಗದಲ್ಲೇ ಬಂತು. ಮುಂದಿನ ಸಾಲೂ ತಾನಾಗಿ ಕೇಳುತ್ತದೆ: ಐದರಿಂದ ಹನ್ನೊಂದರವರೆಗೆ ಆಕೆ ಏನು ಮಾಡಿದರು?

ರಿಪೇರಿ ಇಷ್ಟೇ. ಮೊದಲ ಕರಡನ್ನು ಬಾಯಲ್ಲೇ ಮಾಡಿ. ರೆಕಾರ್ಡ್ ಮಾಡಿದ್ದನ್ನು ಕೇಳುತ್ತಾ ಬರೆದುಕೊಳ್ಳಿ, ಅಥವಾ ಫೋನಿನ ಕನ್ನಡ ಧ್ವನಿ ಟೈಪಿಂಗ್ ಬಳಸಿ. ಪೂರ್ಣವಿರಾಮ ಸರಿಯಾಗಿ ಬೀಳುವುದಿಲ್ಲ, ಕೆಲವು ಹೆಸರುಗಳು ಏನೇನೋ ಆಗುತ್ತವೆ. ಆಗಲಿ ಬಿಡಿ, ತಿದ್ದುವಾಗ ನೋಡಿಕೊಂಡರಾಯಿತು. ಇದೇನು ಅಡ್ಡದಾರಿ ಅಲ್ಲ. ಇದೇ ಬೆಂಗಳೂರಿನಲ್ಲಿ ಟಿ.ಪಿ. ಕೈಲಾಸಂ ನಾಟಕಗಳನ್ನು ಬಾಯಲ್ಲಿ ಹೇಳುತ್ತಾ ಹೋಗುತ್ತಿದ್ದರು, ಗೆಳೆಯರು ಬರೆದುಕೊಳ್ಳುತ್ತಿದ್ದರು. ಅವರ ಮಾತುಗಳು ಇಂದಿಗೂ ರಂಗದ ಮೇಲೆ ಜೀವಂತ ಕೇಳಿಸುವುದಕ್ಕೆ ಅದೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಪದ ಸಿಗದೆ ನಿಲ್ಲುವವರೂ ಇದ್ದಾರೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಆಫೀಸಿನಲ್ಲಿ ದಿನವಿಡೀ ಇಂಗ್ಲಿಷ್ ಆಡಿ, ರಾತ್ರಿ ಕನ್ನಡದಲ್ಲಿ ಬರೆಯಲು ಕೂರುವವರಿಗೆ ಇದು ಸಹಜ. "ಎಂಬ್ಯಾರಸ್‌ಮೆಂಟ್‌ಗೆ ಕನ್ನಡದಲ್ಲಿ ಏನು" ಅಂತ ನಿಘಂಟು ತೆರೆದರೆ ಅರ್ಧ ಗಂಟೆ ಹೋಯಿತು. ಕರಡಿನಲ್ಲಿ ಆ ಪದವನ್ನೇ ಕನ್ನಡ ಅಕ್ಷರದಲ್ಲಿ ಬರೆದು, ಅಡಿಗೆರೆ ಎಳೆದು ಮುಂದೆ ಹೋಗಿ. ಆಮೇಲೆ ನೋಡಿದರೆ ಎಷ್ಟೋ ಸಲ ಆ ಪದವೇ ಬೇಕಿರುವುದಿಲ್ಲ. ಅವನು ಎಂಬ್ಯಾರಸ್ ಆದ ಅನ್ನುವ ಬದಲು "ಅವನು ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿದ" ಅಂದರೆ ಮುಗಿಯಿತು.

ತಿದ್ದುವ ಚಟ

ಹೇಳಲು ಬಂದೂ ಬರೆಯಲು ಬರದಿರುವುದಕ್ಕೆ ಎರಡನೇ ಕಾರಣ ಇದು. ಒಂದು ಸಾಲು ಬರೆಯುತ್ತೀರಿ, ಓದುತ್ತೀರಿ, ಅಳಿಸುತ್ತೀರಿ. ಗಂಟೆ ಕಳೆದ ಮೇಲೂ ಪರದೆಯ ಮೇಲೆ ಒಂದೇ ಸಾಲು. ಪರೀಕ್ಷೆ ಸುಲಭ: ಲ್ಯಾಪ್‌ಟಾಪಿನ ಪರದೆಯ ಬೆಳಕು ಪೂರ್ತಿ ಇಳಿಸಿ ಹತ್ತು ನಿಮಿಷ ಟೈಪ್ ಮಾಡಿ. ಬರೆದದ್ದು ಕಾಣಿಸದಿದ್ದಾಗ ಕೈ ಓಡಿದರೆ ನಿಮ್ಮ ದೋಷ ಇದೇ.

ಬರೆದ ಪದವನ್ನು ಅಳಿಸದ ಹೆಗ್ಗಳಿಕೆ ತನ್ನದು ಅಂತ ಕುಮಾರವ್ಯಾಸ ಹೇಳಿಕೊಂಡಿದ್ದಾನೆ. ಹಲಗೆ ಬಳಪ ಹಿಡಿಯಲಿಲ್ಲವಂತೆ. ಅದು ಅವನಿಗೆ ಸರಿ. ಉಳಿದವರಿಗೆ ಹಲಗೆ ಬಳಪ ಬೇಕು, ಮೊದಲ ಕರಡು ಅಂದರೆ ಅದೇ. ಅವನ ಬಗ್ಗೆ ಇರುವ ಇನ್ನೊಂದು ಐತಿಹ್ಯ ನಮಗೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಕಂಬದ ಹತ್ತಿರ ಕೂತು ಬರೆಯುತ್ತಿದ್ದನಂತೆ. ಬಟ್ಟೆ ಆರುವವರೆಗೆ ಪದ್ಯ, ಆರಿದ ಮೇಲೆ ಅವತ್ತಿಗೆ ಮುಗಿಯಿತು. ನಡೆದದ್ದೋ ಇಲ್ಲವೋ, ವಿಧಾನ ಚೆನ್ನಾಗಿದೆ. ಹೊತ್ತಿಗೆ ಒಂದು ಮಿತಿ ಇದ್ದಾಗ ತಿದ್ದುತ್ತಾ ಕೂರಲು ಪುರುಸೊತ್ತು ಇರುವುದಿಲ್ಲ. ಫೋನಿನಲ್ಲಿ 25 ನಿಮಿಷದ ಅಲಾರಾಂ ಇಟ್ಟುಕೊಳ್ಳಿ. ಅಷ್ಟು ಹೊತ್ತು ಹಿಂದೆ ಹೋಗುವ ಹಾಗಿಲ್ಲ. ತಿದ್ದುವುದಕ್ಕೆ ಬೇರೆ ಹೊತ್ತು, ಸಾಧ್ಯವಾದರೆ ಬೇರೆ ದಿನ.

ತಿದ್ದುವ ಚಟದ ಹಿಂದೆ ಹೆಚ್ಚಾಗಿ ಯಾವುದೋ ಒಂದು ನಿಯಮ ಇರುತ್ತದೆ. ಮೈಕ್ ರೋಸ್ ಎಂಬ ಸಂಶೋಧಕ 1980ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹತ್ತು ವಿದ್ಯಾರ್ಥಿಗಳ ಬಗ್ಗೆ ಬರೆದರು. ಐವರು ಬರೆಯಲಾಗದೆ ಒದ್ದಾಡುವವರು, ಐವರು ಸಲೀಸಾಗಿ ಬರೆಯುವವರು. ಒದ್ದಾಡುವವರಿಗೆ ಬುದ್ಧಿಯಾಗಲಿ ಭಾಷೆಯಾಗಲಿ ಕಮ್ಮಿ ಇರಲಿಲ್ಲ. ಅವರ ಹತ್ತಿರ ಮುರಿಯಲಾಗದ ನಿಯಮಗಳಿದ್ದವು. ಮೊದಲ ಸಾಲೇ ಓದುಗರನ್ನು ಹಿಡಿದು ನಿಲ್ಲಿಸಬೇಕು ಅಂತ ಒಬ್ಬರು. ಪ್ರತಿ ವಾಕ್ಯವೂ ಬರೆದ ಕೂಡಲೇ ವ್ಯಾಕರಣಕ್ಕೆ ಸರಿ ಇರಬೇಕು ಅಂತ ಇನ್ನೊಬ್ಬರು. ಸಲೀಸಾಗಿ ಬರೆಯುವವರಿಗೂ ನಿಯಮಗಳಿದ್ದವು, ಆದರೆ ಕೆಲಸಕ್ಕೆ ಬಾರದಿದ್ದಾಗ ಅವರು ಅದನ್ನು ಪಕ್ಕಕ್ಕಿಡುತ್ತಿದ್ದರು.

ನಮ್ಮಲ್ಲೂ ಇಂಥವು ಬೇಕಾದಷ್ಟಿವೆ. ಕತೆಯಲ್ಲಿ ಇಂಗ್ಲಿಷ್ ಪದ ಬರಬಾರದು. ಲೇಖನಕ್ಕೆ ಗಾದೆಯಿಂದಲೇ ಶುರು. ಕೊನೆಗೆ ಸಂದೇಶ ಇರಲೇಬೇಕು. ನಿಮ್ಮ ತಲೆಯಲ್ಲಿ ಓಡುವ ನಿಯಮವನ್ನು ಒಂದು ಚೀಟಿಯಲ್ಲಿ ಬರೆದು, ಕೆಳಗೆ "ಇದನ್ನು ಯಾರು ಹೇಳಿದರು?" ಅಂತ ಬರೆಯಿರಿ. ಹೈಸ್ಕೂಲಿನ ಮೇಷ್ಟರು ಅಂತಲೋ, ಎಂದೋ ಒಂದು ಕಥಾಸ್ಪರ್ಧೆಯ ತೀರ್ಪುಗಾರರು ಅಂತಲೋ ಉತ್ತರ ಬಂದರೆ ಈ ಕರಡಿನ ಮಟ್ಟಿಗೆ ಅವರಿಗೆ ರಜೆ ಕೊಡಿ.

ಕೀಲಿಮಣೆಯೇ ಅಡ್ಡ ಬಂದರೆ

ಇದನ್ನು ಯಾರೂ ದೋಷ ಅಂತ ಎಣಿಸುವುದೇ ಇಲ್ಲ. ಆದರೆ ಕಾಗದದ ಮೇಲೆ ಬರೆಯಲು ಬಂದು, ಕಂಪ್ಯೂಟರಿನಲ್ಲಿ ಮಾತ್ರ ನಿಂತರೆ ತಪ್ಪು ನಿಮ್ಮದಲ್ಲ, ಟೈಪಿಂಗಿನದು. ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ, ಕೆಳಗೆ ಬರುವ ಪಟ್ಟಿಯಿಂದ ಕನ್ನಡ ಪದ ಆರಿಸುವ ಪದ್ಧತಿ ವಾಟ್ಸಾಪ್ ಮೆಸೇಜಿಗೆ ಸಾಕು. ಕತೆಗೆ ಸಾಲದು. ಪ್ರತಿ ಪದಕ್ಕೂ ಕಣ್ಣು ಪಟ್ಟಿಗೆ ಹೋಗುತ್ತದೆ, ವಾಕ್ಯ ಅಲ್ಲೇ ತುಂಡಾಗುತ್ತದೆ.

ನುಡಿ ಕೀಲಿಮಣೆ ವಿನ್ಯಾಸ ಕಲಿಯಿರಿ. ಅಂಥ ಕಷ್ಟವೇನಿಲ್ಲ. ಕನ್ನಡ ಅಕ್ಷರಗಳು ಬಹುಮಟ್ಟಿಗೆ ಅದೇ ಸದ್ದಿನ ಇಂಗ್ಲಿಷ್ ಕೀಲಿಯಲ್ಲೇ ಇವೆ. ಒತ್ತಕ್ಷರಕ್ಕೆ ಎಫ್ ಕೀಲಿ. "ಅಕ್ಕ" ಬೇಕಾದರೆ ಎ, ಕೆ, ಎಫ್, ಕೆ ಅಂತ ನಾಲ್ಕು ಸಲ ಒತ್ತಿದರೆ ಆಯಿತು. ಮೊದಮೊದಲು ಕಿರಿಕಿರಿ ಆಗುತ್ತದೆ, ಆಮೇಲೆ ಬೆರಳು ತಾನೇ ಕಲಿತುಕೊಳ್ಳುತ್ತದೆ. ಹಳೇ ಫಾಂಟಿನಲ್ಲಿ ಮಾಡಿಟ್ಟ ಕಡತಗಳಿದ್ದರೆ ಯೂನಿಕೋಡಿಗೆ ಬದಲಿಸಿಕೊಂಡುಬಿಡಿ. ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಅಕ್ಷರದ ಜಾಗದಲ್ಲಿ ಚಿಹ್ನೆಗಳ ರಾಶಿ ಕಂಡರೆ ಬರೆಯುವ ಹುಮ್ಮಸ್ಸು ಅಲ್ಲೇ ಇಳಿದುಹೋಗುತ್ತದೆ.

ಅಥವಾ ಸುಮ್ನೆ ಪೆನ್ನು, ನೂರು ಪುಟದ ನೋಟ್‌ಬುಕ್. ಅದರಲ್ಲಿ ನೋಟಿಫಿಕೇಶನ್ ಬರುವುದಿಲ್ಲ.

"ಹೇಳೋಕೂ ಏನೂ ಇಲ್ಲ"

ಐದು ನಿಮಿಷ ಮಾತಾಡಲಾಗದಿದ್ದರೆ ನಿಮ್ಮ ಹತ್ತಿರ ಇರುವುದು ವಿಷಯ ಮಾತ್ರ, ಸರಕಲ್ಲ. "ನಗರದಲ್ಲಿ ಒಂಟಿತನ" ಅನ್ನುವುದು ವಿಷಯ. ಪೀಜಿಯಲ್ಲಿರುವ ಹುಡುಗ ಭಾನುವಾರ ರಾತ್ರಿ ಮೆಸ್ ಇಲ್ಲ ಅಂತ ಎರಡು ಬಾಳೆಹಣ್ಣು ತಂದು, ಒಂದನ್ನು ಕಿಟಕಿಯ ಹೊರಗಿನ ಹಸುವಿಗೆ ಕೊಡುವುದು ಸರಕು. ಇಲ್ಲಿ "ದಿನಾ ಕೂತು ಬರಿ" ಅನ್ನುವ ಸಲಹೆ ಕೆಲಸ ಮಾಡುವುದಿಲ್ಲ. ಎದ್ದು ಹೊರಗೆ ಹೋಗಬೇಕು.

ಸಕಲೇಶಪುರದವರೆಗೆ ಹೋಗಬೇಕಿಲ್ಲ. ಜನ ಕಾಯುತ್ತಾ ಕೂರುವ ಜಾಗ ಆರಿಸಿ. ಸಬ್‌ರಿಜಿಸ್ಟ್ರಾರ್ ಕಚೇರಿಯ ಬೆಂಚು, ಸರ್ಕಾರಿ ಆಸ್ಪತ್ರೆಯ ಚೀಟಿ ಕೌಂಟರ್, ಮೆಜೆಸ್ಟಿಕ್ ಬಸ್ ನಿಲ್ದಾಣ. ಕಾಯುವವರು ಮಾತಾಡುತ್ತಾರೆ. ಒಂದು ಗಂಟೆ ಕೂತು, ಕಣ್ಣಿಗೆ ಬಿದ್ದದ್ದು ಕಿವಿಗೆ ಬಿದ್ದದ್ದು ಮಾತ್ರ ಬರೆದುಕೊಳ್ಳಿ. ಅನ್ನಿಸಿದ್ದು ಬೇಡ. "ಪಾಪ, ಬಡವರು" ಅಂತ ಬರೆದರೆ ಆ ಪುಟ ಆಮೇಲೆ ಯಾವ ಕೆಲಸಕ್ಕೂ ಬರುವುದಿಲ್ಲ. "ಮುದುಕ ಪ್ಲಾಸ್ಟಿಕ್ ಚೀಲದಿಂದ ಇನ್ನೊಂದು ಪ್ಲಾಸ್ಟಿಕ್ ಚೀಲ, ಅದರೊಳಗಿಂದ ಪೇಪರ್, ಅದರೊಳಗಿಂದ ಆಧಾರ್ ಕಾರ್ಡು ತೆಗೆದ" ಅಂತ ಬರೆದರೆ ವರ್ಷ ಬಿಟ್ಟು ಓದಿದರೂ ಆ ಮುದುಕ ಎದುರಿಗೆ ನಿಲ್ಲುತ್ತಾನೆ.

ಲೇಖನ ಬರೆಯುವವರಿಗೆ ಇದೇ ದೋಷ ಬೇರೆ ವೇಷದಲ್ಲಿ ಬರುತ್ತದೆ. ಓದಿದ್ದು ಸಾಲದು, ಅಷ್ಟೇ. ಕೆರೆಗಳ ಬಗ್ಗೆ ಬರೆಯಲು ಹೊರಟು ಮೂರನೇ ಪ್ಯಾರಾಕ್ಕೆ ನಿಂತವರನ್ನು "ಅದಕ್ಕೆ ನೀರು ಎಲ್ಲಿಂದ ಬರುತ್ತಿತ್ತು?" ಅಂತ ಕೇಳಿದರೆ ಸುಮ್ಮನಾಗುತ್ತಾರೆ. ಅಂಥವರು ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಹೋಗಿ ಅರ್ಧ ದಿನ ಕೂರಲಿ, ಇಲ್ಲವೇ ಆ ಕೆರೆಯ ಏರಿಯ ಮೇಲೆ ಒಂದು ಸುತ್ತು ಹಾಕಲಿ. ಎರಡೂ ಮಾಡಿದರೆ ಒಳ್ಳೆಯದು.

"ಅರ್ಧಕ್ಕೆ ನಿಂತಿದೆ"

ಇದರ ಲಕ್ಷಣ ಗುರುತಿಸುವುದು ಸುಲಭ. ಮೊದಲ ನಾಲ್ಕು ಪುಟ ಹೊಳೆಯುತ್ತಿರುತ್ತವೆ, ಯಾಕೆಂದರೆ ಮುಂದೆ ಹೋಗಲಾಗದೆ ಅವನ್ನೇ ತಿಕ್ಕಿ ತಿಕ್ಕಿ ಇಟ್ಟಿರುತ್ತಾರೆ. ಐದನೇ ಪುಟ ಖಾಲಿ.

ನಿಂತ ಜಾಗದಲ್ಲಿ ದೋಷ ಇರುವುದು ಅಪರೂಪ. ಒಂದೆರಡು ಪುಟ ಹಿಂದೆ ಇರುತ್ತದೆ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಮಲ್ಲೇಶ್ವರದ ಹಳೇ ಮನೆ. ಅಪ್ಪ ಅದನ್ನು ಬಿಲ್ಡರ್‌ಗೆ ಕೊಡಲು ಒಪ್ಪಿದ್ದಾರೆ. ಕಾಗದಕ್ಕೆ ಸಹಿ ಹಾಕಲು ಮಗಳು ಅಮೆರಿಕದಿಂದ ಬರುತ್ತಾಳೆ. ಟ್ಯಾಕ್ಸಿ ಗೇಟಿನ ಮುಂದೆ ನಿಲ್ಲುತ್ತದೆ. ಬರೆಯುವವರೂ ಅಲ್ಲೇ ನಿಲ್ಲುತ್ತಾರೆ. ಮಗಳು ಇಳಿದು ಏನನ್ನಬೇಕು ಅಂತ ತೋಚುವುದಿಲ್ಲ. "ಹೇಗಿದ್ದೀರಿ ಅಪ್ಪಾ", "ಚೆನ್ನಾಗಿದ್ದೀನಮ್ಮಾ" ಅಂತ ಬರೆದು ಅಳಿಸುತ್ತಾರೆ.

ಮಾತು ಹುಡುಕಿ ಪ್ರಯೋಜನವಿಲ್ಲ. ಒಂದು ವಾಕ್ಯ ಪೂರ್ತಿ ಮಾಡಿ: "ಈ ಅಪ್ಪನಿಗೆ ಬೇಕಾಗಿರುವುದು ಏನೆಂದರೆ…" ಅದು ದುಡ್ಡು ಅಂತ ಬಂದರೆ ಕತೆಯೇ ಇಲ್ಲ, ದುಡ್ಡು ಹೇಗೂ ಸಿಗುತ್ತಿದೆ. ಎರಡು ಮೂರು ಉತ್ತರ ಬರೆಯಿರಿ, ಮೊದಲ ಉತ್ತರ ನಂಬಬೇಡಿ. "ಮಾರಬೇಡಿ ಅಂತ ಮಗಳು ಒಂದು ಮಾತು ಹೇಳಲಿ" ಅಂತ ಬಂತು ಅಂದುಕೊಳ್ಳಿ. ಈಗ ಟ್ಯಾಕ್ಸಿಯಿಂದ ಇಳಿಯುವ ಮಗಳು ಮೊದಲು ಕೇಳುವುದು ಏನು? "ಹೊಸ ಅಪಾರ್ಟ್‌ಮೆಂಟ್‌ನಲ್ಲಿ ನಮಗೆ ಎಷ್ಟು ಪಾರ್ಕಿಂಗ್ ಕೊಡ್ತಾರಂತೆ ಅಪ್ಪಾ?" ಅಪ್ಪ ಸೂಟ್‌ಕೇಸ್ ಎತ್ತಿಕೊಳ್ಳುತ್ತಾರೆ. ದೃಶ್ಯ ನಡೆಯಿತು. ಇನ್ನು ಹಿಂದಿನ ನಾಲ್ಕು ಪುಟದಲ್ಲಿ ಬಿಲ್ಡರ್ ಜೊತೆಗಿನ ಉದ್ದ ಮಾತುಕತೆ ಬೇಡ ಅಂತಲೂ ಗೊತ್ತಾಗುತ್ತದೆ. ಅದನ್ನು ಕತ್ತರಿಸಲು ಹೊಟ್ಟೆ ಉರಿದರೆ "ಉಳಿಕೆ" ಅಂತ ಒಂದು ಕಡತ ಮಾಡಿ ಅದರಲ್ಲಿ ಹಾಕಿಡಿ. ಮತ್ತೆ ತೆಗೆಯುವುದು ಕಮ್ಮಿ, ಆದರೆ ಅಲ್ಲಿದೆ ಅಂತ ಗೊತ್ತಿದ್ದರೆ ಕೈ ಸಲೀಸಾಗಿ ಕತ್ತರಿಸುತ್ತದೆ.

ಲೇಖನ ಅರ್ಧಕ್ಕೆ ನಿಂತಿದ್ದರೂ ಹೆಚ್ಚುಕಮ್ಮಿ ಇದೇ ಮದ್ದು. "ನಾನು ಹೇಳಲು ಹೊರಟಿರುವುದು ಏನೆಂದರೆ" ಅಂತ ಒಂದು ವಾಕ್ಯ. ಅದರಲ್ಲಿ ಎರಡು "ಮತ್ತು" ಬಂದರೆ ನಿಮ್ಮ ಕೈಯಲ್ಲಿರುವುದು ಎರಡು ಲೇಖನ.

"ಕೂರೋಕೇ ಆಗಲ್ಲ"

ಈ ಊರಿನಲ್ಲಿ ಇದನ್ನು ಪೂರ್ತಿ ನೆಪ ಅನ್ನಲಾಗದು. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿ ಮನೆಗೆ ಬರುವಷ್ಟರಲ್ಲಿ ಎಂಟೂವರೆ. ಅಡುಗೆ, ಮಕ್ಕಳ ಹೋಂವರ್ಕ್, ಒಂದು ಕಾಲ್. ಹೆಂಗಸರಿಗಂತೂ ಬರೆಯುವ ಮೇಜು ಅನ್ನುವುದೇ ಇರುವುದಿಲ್ಲ, ಡೈನಿಂಗ್ ಟೇಬಲ್ಲಿನ ತುದಿಯೇ ಗತಿ. ಇಂಥವರಿಗೆ "ಮನಸ್ಸಿದ್ದರೆ ಮಾರ್ಗ" ಅನ್ನುವುದು ನನಗೆ ಸರಿಕಾಣುವುದಿಲ್ಲ.

ಆದರೂ ಒಂದು ವಿಷಯ ಗಮನಿಸಬೇಕು. ಕೂರಲು ಆಗುತ್ತಿಲ್ಲ ಅನ್ನುವವರಲ್ಲಿ ಬಹಳ ಜನ ಕಾಯುತ್ತಿರುವುದು ಪೂರ್ತಿ ಖಾಲಿ ಇರುವ ಒಂದು ಭಾನುವಾರಕ್ಕೆ. ಅದರ ಜೊತೆಗೆ ಮೂಡ್ ಕೂಡ ಬರಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಬಾಯ್ಸ್ 1983ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 27 ಮಂದಿ ಅಧ್ಯಾಪಕರನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪು ತುರ್ತು ಇದ್ದರೆ ಹೊರತು ಬರೆಯುವ ಹಾಗಿಲ್ಲ. ಇನ್ನೊಂದು ಗುಂಪು ಮನಸ್ಸು ಬಂದಾಗ ಬರೆಯಬಹುದು. ಮೂರನೆಯದು ಗೊತ್ತುಮಾಡಿದ ವೇಳೆಗೆ ಬರೆಯಲೇಬೇಕು. ತಪ್ಪಿಸಿದರೆ ಅವರ ದುಡ್ಡು ಅವರಿಗೆ ಕಂಡರಾಗದ ಸಂಸ್ಥೆಯೊಂದಕ್ಕೆ ಹೋಗುತ್ತಿತ್ತು! ಮೂರನೇ ಗುಂಪು ಬಹಳ ಜಾಸ್ತಿ ಪುಟ ಬರೆಯಿತು. ಅದರಲ್ಲಿ ಆಶ್ಚರ್ಯ ಇಲ್ಲ. ಹೊಸ ಯೋಚನೆಗಳು ಜಾಸ್ತಿ ಹೊಳೆದದ್ದೂ ಅದೇ ಗುಂಪಿಗೆ. ಮೂಡ್ ಬಂದ ಮೇಲೆ ಬರೆಯುತ್ತೇನೆ ಅನ್ನುವವರು ಲೆಕ್ಕವನ್ನು ತಲೆಕೆಳಗೆ ಹಿಡಿದಿದ್ದಾರೆ ಅಂತಾಯಿತು. ಹಾಗಂತ ಇದನ್ನು ಎಲ್ಲರಿಗೂ ಹಚ್ಚಬೇಡಿ. ಆ ಅಧ್ಯಾಪಕರ ಹತ್ತಿರ ಬರೆಯಲು ವಿಷಯ ಇತ್ತು. ಸರಕಿಲ್ಲದವರಿಗೆ ಹೇಳಿದ್ದು ಬೇರೆ, ಮೇಲೆ ಬಂದಿದೆ.

ಹೊತ್ತು ಎಲ್ಲಿ ಸಿಗುತ್ತದೆ? ಮಾಸ್ತಿಯವರ ಮೊದಲ ಕಥಾಸಂಕಲನ ಬಂದದ್ದು 1920ರಲ್ಲಿ, ಸರ್ಕಾರಿ ಕೆಲಸ ಬಿಟ್ಟದ್ದು 1940ರ ದಶಕದಲ್ಲಿ. ನಡುವಿನ ಅಷ್ಟೂ ಬರಹ ಹುದ್ದೆಯಲ್ಲಿ ಇದ್ದುಕೊಂಡೇ ಆದದ್ದು. ಅವರಿಗೆ ಸಿಲ್ಕ್ ಬೋರ್ಡ್ ಇರಲಿಲ್ಲ, ನಿಜ. ನಮಗೆ ಮೆಟ್ರೋ ಇದೆಯಲ್ಲ. ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಒಂದೇ ಓಟ, 37 ನಿಲ್ದಾಣ. ವಿಜಯನಗರದಲ್ಲಿ ಹತ್ತಿ ಐಟಿಪಿಎಲ್ ಟೆಕ್ ಪಾರ್ಕ್ ಕಡೆ ಹೋಗುವವರಿಗೆ ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ ಸುಮಾರಾಗಿ ಸಿಗುತ್ತದೆ. ಕೂರಲು ಸೀಟು ಸಿಗುವುದು ಅದೃಷ್ಟ. ನಿಂತುಕೊಂಡು ಉದ್ದ ವಾಕ್ಯ ಟೈಪ್ ಮಾಡಲಾಗದು, ಆದರೆ ಒಂದು ಸಂಭಾಷಣೆ ಬರೆಯಬಹುದು. ಮಾತುಗಳು ಚಿಕ್ಕವು, ಸುತ್ತಲೂ ಜನ ಆಡುತ್ತಲೇ ಇರುತ್ತಾರೆ. ಮೆಟ್ರೋದಲ್ಲಿ ಮಾತು, ಮನೆಯಲ್ಲಿ ಉಳಿದದ್ದು ಅಂತ ಹಂಚಿಕೊಂಡರೆ ಸಿಕ್ಕ ಹೊತ್ತು ವ್ಯರ್ಥ ಆಗುವುದಿಲ್ಲ.

ಮನೆಯಲ್ಲಿ ಕೂರುವ ಹೊತ್ತು ಅರ್ಧ ಗಂಟೆಯಾದರೂ ಸರಿ, ಆದರೆ ದಿನಾ ಅದೇ ಹೊತ್ತು ಇರಲಿ, ಮನೆಯವರಿಗೂ ಗೊತ್ತಿರಲಿ. "ಆರರಿಂದ ಆರೂವರೆ ನನ್ನನ್ನು ಕರೀಬೇಡಿ" ಅಂತ ಬಾಯಿಬಿಟ್ಟು ಹೇಳಿ. ಹೇಳದೆ ಸಿಟ್ಟಾದರೆ ಉಪಯೋಗವಿಲ್ಲ. ಫೋನ್ ಇನ್ನೊಂದು ಕೋಣೆಯಲ್ಲಿರಲಿ. ಮಗುಚಿ ಇಟ್ಟರೆ ಸಾಲದು, ಅದು ಪಕ್ಕದಲ್ಲಿದೆ ಅನ್ನುವುದೇ ಅರ್ಧ ಗಮನ ತಿನ್ನುತ್ತದೆ.

ಎಲ್ಲಿ ನಿಲ್ಲಿಸಬೇಕು ಅನ್ನುವುದು ಇದರಷ್ಟೇ ಮುಖ್ಯ. ಪೂರ್ತಿ ಬರಿದಾಗುವವರೆಗೆ ಬರೆದರೆ ಮರುದಿನ ಖಾಲಿ ಪುಟ ಕಾದಿರುತ್ತದೆ. ಮುಂದಿನ ಸಾಲು ಗೊತ್ತಿರುವಾಗಲೇ ಎದ್ದುಬಿಡಿ, ಬೇಕಾದರೆ ವಾಕ್ಯದ ಮಧ್ಯದಲ್ಲೇ. ಮುಂದೇನು ಅಂತ ಗೊತ್ತಿರುವಾಗಲೇ ನಿಲ್ಲಿಸುವುದು ಅಮೆರಿಕದ ಕಾದಂಬರಿಕಾರ ಹೆಮಿಂಗ್ವೆಯ ಪದ್ಧತಿಯೂ ಆಗಿತ್ತು. ಮರುದಿನ ಕೂತ ಕೂಡಲೇ ಆ ವಾಕ್ಯ ಮುಗಿಸುತ್ತೀರಿ, ಅಷ್ಟರಲ್ಲಿ ಶುರು ಆಗಿಬಿಟ್ಟಿರುತ್ತದೆ.

"ಮುಗಿಯೋದೇ ಇಲ್ಲ"

ಬರೆದಾಗಿದೆ, ತಿದ್ದಿಯೂ ಆಗಿದೆ, ಆದರೆ ಕಳಿಸುತ್ತಿಲ್ಲ. ಇದಕ್ಕೆ ಹೊರಗಿನ ಗಡುವೇ ಔಷಧ. ದೀಪಾವಳಿ ವಿಶೇಷಾಂಕದ ಸ್ಪರ್ಧೆಗಳ ಪ್ರಕಟಣೆ ಬಂದಾಗ ಕೊನೇ ದಿನಾಂಕವನ್ನು ಫ್ರಿಜ್ ಮೇಲೆ ಅಂಟಿಸಿ. ಸ್ಪರ್ಧೆ ಇಷ್ಟವಿಲ್ಲದವರು ಗೆಳೆಯರೊಬ್ಬರಿಗೆ "ಹದಿನೈದನೇ ತಾರೀಕು ಓದೋಕೆ ಕೊಡ್ತೀನಿ" ಅಂತ ಮಾತು ಕೊಡಲಿ. ಕೊನೇ ಎರಡು ಸಲ ತಿದ್ದಿದಾಗ ಬದಲಾದದ್ದು ಅಲ್ಪವಿರಾಮಗಳು ಮಾತ್ರ ಆಗಿದ್ದರೆ ಅದು ಮುಗಿದಿದೆ. ಕಳಿಸಿ.

ರಿಪೇರಿ ಆಯಿತಾ ಅಂತ ನೋಡುವುದು

ಪದಗಳ ಲೆಕ್ಕ ಇಡುವುದಕ್ಕಿಂತ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ದಿನಕ್ಕೊಂದು ಸಾಲು ಬರೆಯುವುದು ವಾಸಿ. ಉದಾಹರಣೆಗೆ: "ಮಂಗಳವಾರ, 6.10ರಿಂದ 6.40, ಡೈನಿಂಗ್ ಟೇಬಲ್. ಅಳಿಯ ಬಂದ. ನಾಳೆ: ಕಾಫಿ ಕೊಡುವಾಗ ಅವನು ಏನಂದ?" ಎರಡು ವಾರದ ನಂತರ ಈ ಸಾಲುಗಳನ್ನು ಒಟ್ಟಿಗೆ ಓದಿ. "ನಾಳೆ" ಎದುರಿಗೆ ದಿನಾ ಹೊಸ ಪ್ರಶ್ನೆ ಇದ್ದರೆ ಬರಹ ನಡೆಯುತ್ತಿದೆ, ಪುಟ ಕಮ್ಮಿ ಆದರೂ ಚಿಂತೆ ಇಲ್ಲ. ಒಂದೇ ಪ್ರಶ್ನೆ ನಾಲ್ಕು ದಿನ ಬಂದಿದ್ದರೆ ದೋಷ ತಪ್ಪಾಗಿ ಗುರುತಿಸಿದ್ದೀರಿ. ಮತ್ತೆ ರೆಕಾರ್ಡರ್ ಆನ್ ಮಾಡಿ. ದೋಷ ಒಂದೇ ಇರಬೇಕೆಂದೇನೂ ಇಲ್ಲ. ಕೀಲಿಮಣೆ ಸರಿಹೋದ ಮೇಲೆ ಸರಕಿಲ್ಲ ಅನ್ನುವುದು ಕಾಣಿಸಬಹುದು.

ಎಲ್ಲ ಮಾಡಿಯೂ ಒಂದು ಬರಹ ಮಾತ್ರ ಮೇಲೇಳುತ್ತಿಲ್ಲ, ಬೇರೆಯದು ಬರೆಯಲು ಆಗುತ್ತಿದೆ ಅಂದರೆ ಅದನ್ನು ಪಕ್ಕಕ್ಕಿಡಿ. ಆದರೆ ಸುಮ್ನೆ ಮುಚ್ಚಿಡಬೇಡಿ. ಕಡತದ ಮೊದಲ ಸಾಲಿನಲ್ಲಿ ತಾರೀಕು ಹಾಕಿ, ಯಾಕೆ ನಿಲ್ಲಿಸಿದಿರಿ ಅಂತ ಒಂದು ವಾಕ್ಯ ಬರೆದಿಡಿ: "ಅಣ್ಣ ಯಾಕೆ ಮನೆ ಬಿಟ್ಟ ಅಂತ ನನಗೇ ಗೊತ್ತಿಲ್ಲ. ಚಿಕ್ಕಮ್ಮನನ್ನು ಕೇಳಬೇಕು." ಚಿಕ್ಕಮ್ಮ ಊರಿಂದ ಬಂದಾಗ ಎಲ್ಲಿಂದ ಶುರು ಮಾಡಬೇಕು ಅಂತ ನಿಮಗೆ ಗೊತ್ತಿರುತ್ತದೆ.